ಮಾತು ಕೇಳದ ಹುಡುಗ

“ಮಾತು ಕೇಳಲ್ಲ ಮೇಡಂ.”

ಮೊದಲ ದಿನ ತಾಯಿ ಹೇಳಿದ ದೂರು ಇಷ್ಟೇ. ಬರೆದುಕೊಂಡ ಮೇಲೆ ನನಗೇ ಅನುಮಾನ ಬಂತು. ಎರಡೂ ಕಿವಿ ಮಂದವಿರುವ ಮಗುವಿನ ಬಗ್ಗೆ ಹೀಗೆಂದರೆ ಏನು ತಿಳಿಯಬೇಕು? ಮಾತು ಕಿವಿಗೆ ಬೀಳುವುದಿಲ್ಲ ಎಂದೋ, ಹೇಳಿದಂತೆ ನಡೆಯುವುದಿಲ್ಲ ಎಂದೋ? ಕೇಳಿಯೇಬಿಟ್ಟೆ. ಆಕೆ ಸ್ವಲ್ಪ ಯೋಚಿಸಿ, “ಎಲ್ಡೂವೆ” ಎಂದರು.

ಊರು ಮಂಡ್ಯ ಜಿಲ್ಲೆಯ ನಾಲೆ ಬಯಲಿನದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಮನೆಯವರಂತೆ ನಾನೂ ಪುಟ್ಟ ಎಂದೇ ಕರೆಯುತ್ತೇನೆ. ಇಂಥ ಮಕ್ಕಳನ್ನು ನೋಡುವ ನನ್ನ ಹತ್ತಿರ ಬಂದಾಗ ಅವನಿಗೆ 7 ವರ್ಷ 8 ತಿಂಗಳು. ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಜೊತೆಗೆ ಶಾಲೆಯಿಂದ ಒಂದು ಪತ್ರವಿತ್ತು. ಮಕ್ಕಳನ್ನು ಕಚ್ಚುತ್ತಾನೆ. ಕಿವಿ ಮಷಿನ್ ಕಿತ್ತು ಎಸೆಯುತ್ತಾನೆ. ಹೇಳದೆ ಕೇಳದೆ ಶಾಲೆ ಬಿಟ್ಟು ಓಡುತ್ತಾನೆ. ಆದ್ದರಿಂದ ‘ಕಿವುಡ ಮಕ್ಕಳ ಶಾಲೆಗೆ ಸೇರಿಸುವುದು ಸೂಕ್ತ’. ತಾಯಿ ಇನ್ನೊಂದನ್ನು ಮೆಲ್ಲಗೆ ಸೇರಿಸಿದರು: ಐದನೇ ವರ್ಷಕ್ಕೇ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ.

ಇದೆಲ್ಲ ಯಾವಾಗಿನಿಂದ ಎಂಬುದು ಪತ್ರದಲ್ಲಿರಲಿಲ್ಲ. ನಾನೂ ಅವತ್ತು ಸರಿಯಾಗಿ ವಿಚಾರಿಸಲಿಲ್ಲ. ಆ ತಪ್ಪಿನ ಮಾತು ಮುಂದೆ ಬರುತ್ತದೆ.

ಹಿಂದಿನದು

ಮಗು ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಚಿಕಿತ್ಸೆ ಆಗಬೇಕು ಎಂಬುದು ಜಗತ್ತಿನೆಲ್ಲೆಡೆ ಒಪ್ಪಿರುವ ಲೆಕ್ಕ. ಪುಟ್ಟನ ವಿಷಯದಲ್ಲಿ ಮೂರು ವರ್ಷ ಹೋಯಿತು. ಅಜ್ಜಿ ಹಿಂದಿನಿಂದ ತಟ್ಟೆ ಬಡಿದು ನೋಡಿದ್ದರು, ಮಗು ತಿರುಗಿತ್ತು. ಮಾತು ಬರಲಿಲ್ಲ ಎಂದಾಗ, “ಅವ್ರಪ್ಪನೂ ಲೇಟಾಗೇ ಮಾತಾಡಿದ್ದು” ಎಂಬ ಸಮಾಧಾನ ಸಿಕ್ಕಿತ್ತು.

ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯಾಯಿತು. ನರಸಂಬಂಧಿ ದೋಷ, ಬಲಗಿವಿ 76 ಡೆಸಿಬಲ್, ಎಡಗಿವಿ 82. ಅದಕ್ಕಿಂತ ಮೆಲ್ಲನೆಯ ಸದ್ದು ಆ ಕಿವಿಗೆ ಕೇಳುವುದಿಲ್ಲ ಎಂದರ್ಥ. ಎದುರು ಕೂತು ಆಡುವ ಮಾತು ಸುಮಾರು 60 ಡೆಸಿಬಲ್ ಇರುತ್ತದೆ. ಹಾಗಾಗಿ ಮಷಿನ್ ಇಲ್ಲದಿದ್ದರೆ ಇವನ ಪಾಲಿಗೆ ಮನೆಯಲ್ಲಿ ಮಾತೇ ಇಲ್ಲ. ತಟ್ಟೆ ಬಿದ್ದರೆ, ಟ್ರ್ಯಾಕ್ಟರ್ ಬಂದರೆ, ಪಟಾಕಿ ಹೊಡೆದರೆ ಉಂಟು. ಆಪರೇಷನ್ ಮಾಡಿ ಒಳಗಿವಿಗೆ ಸಾಧನ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟಿನ ಪ್ರಸ್ತಾಪ ಬಂದಿತ್ತು. ತಲೆಗೆ ಆಪರೇಷನ್ ಎಂದು ಕೇಳಿ ಅಜ್ಜಿ ಅತ್ತುಕೊಂಡು ಬೇಡವೆಂದರು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಎರಡೂ ಕಿವಿಗೆ ಮಷಿನ್ ಉಚಿತವಾಗಿ ಸಿಕ್ಕಿತು. ತಾಯಿ ಏಳು ತಿಂಗಳು ಬಸ್ಸಿನಲ್ಲಿ ಮೈಸೂರಿಗೆ ಓಡಾಡಿ ಮಾತಿನ ತರಬೇತಿ ಕೊಡಿಸಿದರು. ಆಮೇಲೆ ಕಬ್ಬು ಕಡಿಯುವ ಕಾಲ ಬಂತು, ಓಡಾಟ ನಿಂತಿತು. ನಾನು ನೋಡುವಾಗ ಅವನ ಭಾಷೆ ನಾಲ್ಕು ವರ್ಷದ ಮಗುವಿನಷ್ಟಿತ್ತು.

ತಂದೆ ಆಲೆಮನೆಯಲ್ಲಿ ಕೆಲಸಕ್ಕಿದ್ದಾರೆ, ಬೆಲ್ಲದ ಕೊಪ್ಪರಿಗೆ ನೋಡಿಕೊಳ್ಳುತ್ತಾರೆ. ಮದುವೆಯಾಗಿರುವುದು ಅಕ್ಕನ ಮಗಳನ್ನೇ. ಹೀಗಾಗಿ ಮನೆಯಲ್ಲಿರುವ ಅಜ್ಜಿ ಪುಟ್ಟನ ತಾಯಿಗೆ ಅತ್ತೆಯೂ ಹೌದು, ಹೆತ್ತ ತಾಯಿಯ ತಾಯಿಯೂ ಹೌದು. ಬೇರೆ ಮನೆಗಳಲ್ಲಿ ಸೊಸೆಗೆ ಹೀಗಾದರೆ ತವರು ಎಂಬ ಒಂದು ದಿಕ್ಕಾದರೂ ಇರುತ್ತದೆ. ಇಲ್ಲಿ ತವರಿನವರೂ ಅತ್ತೆ ಮನೆಯವರೂ ಅವರವರೇ. ಬಸುರಿಯಲ್ಲಿ ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದಕ್ಕೇ ಹೀಗಾಯಿತು ಎಂಬುದು ಅಜ್ಜಿಯ ಖಚಿತ ನಂಬಿಕೆ, ತಾಯಿಗೂ ಒಳಗೊಳಗೆ ಅದೇ ಭಯ. ಗ್ರಹಣಕ್ಕೂ ಕಿವಿಗೂ ಸಂಬಂಧವಿಲ್ಲ ಎಂದೆ. ತಂದೆತಾಯಿ ಇಬ್ಬರಲ್ಲೂ ಒಂದೇ ಜೀನಿನ ದೋಷ ಮರೆಯಾಗಿ ಕೂತಿದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಒಳಸಂಬಂಧದಲ್ಲಿ ಹಾಗಾಗುವುದು ಹೆಚ್ಚು, ಹನ್ನೊಂದು ವರ್ಷದ ಮಗಳಿಗೆ ಕಿವಿ ಚೆನ್ನಾಗಿರುವುದೂ ಆ ಲೆಕ್ಕದೊಳಗೇ ಬರುತ್ತದೆ ಎಂದು ಬರೆದು ತೋರಿಸಿದೆ. ಜೀನ್ ಪರೀಕ್ಷೆ ಆಗಿಲ್ಲವಾದ್ದರಿಂದ ಇದೇ ಕಾರಣ ಎಂದು ಹೇಳಲಿಲ್ಲ. ತಾಯಿ ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು.

ಮೊದಲು ಮಷಿನ್

ನಡವಳಿಕೆಯ ದೂರು ಬಂದರೆ ಮನಸ್ಸಿಗೆ ಕೈ ಹಾಕುವ ಮೊದಲು ಮಷಿನ್ ನೋಡಬೇಕು. ಇದು ನನಗೆ ಪುಸ್ತಕ ಕಲಿಸಿದ್ದಲ್ಲ, ಇಂಥ ಮಕ್ಕಳ ತಾಯಂದಿರು ಕಲಿಸಿದ್ದು.

ಎಡಗಿವಿಯದು ಸತ್ತಿತ್ತು. ತಾಯಿ ಒಂದು ದಿನ ಬಲಗಿವಿಗೆ, ಮರುದಿನ ಎಡಗಿವಿಗೆ ಎಂದು ಒಂದೇ ಬ್ಯಾಟರಿ ಹಾಕುತ್ತಿದ್ದರು. ರಾತ್ರಿ ಬ್ಯಾಟರಿ ತೆಗೆದು ಅದರ ನೀಲಿ ಪಟ್ಟಿಯನ್ನು ಮತ್ತೆ ಅಂಟಿಸಿಡುತ್ತಿದ್ದರು, ಉಳಿತಾಯವಾಗಲಿ ಎಂದು. 675 ಎಂಬ ಈ ಬ್ಯಾಟರಿ ಕೆಲಸ ಮಾಡುವುದು ಗಾಳಿಯಿಂದ. ಪಟ್ಟಿ ಕಿತ್ತ ಕೂಡಲೇ ಒಳಗಿನ ಸತುವಿಗೆ ಗಾಳಿ ತಾಕಿ ಶುರುವಾಗುತ್ತದೆ, ಮತ್ತೆ ಅಂಟಿಸಿದರೆ ನಿಲ್ಲುವುದಿಲ್ಲ. ಇದನ್ನು ಆಕೆಗೆ ನಾಲ್ಕು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಕಿವಿಯೊಳಗೆ ಕೂರುವ ಅಚ್ಚಿನದು. ಐದನೇ ವರ್ಷದಲ್ಲಿ ಮಾಡಿಸಿದ ಅಚ್ಚನ್ನೇ ಎಂಟಕ್ಕೆ ಹತ್ತಿರವಾದ ಕಿವಿಗೆ ಹಾಕುತ್ತಿದ್ದರು. ಸಡಿಲವಾದ ಅಚ್ಚಿನಿಂದ ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೆ ನುಗ್ಗಿ ‘ಕುಯ್ಯ್’ ಎಂದು ಸೀಟಿ ಹೊಡೆಯುತ್ತದೆ. ಅವನು ತಲೆ ತಿರುಗಿಸಿದರೆ ಸೀಟಿ, ಟೋಪಿ ಹಾಕಿದರೆ ಸೀಟಿ, ಅಗಿದರೆ ಸೀಟಿ. ಶಾಲೆಯಲ್ಲಿ ಅವನಿಗೆ ‘ಕುಕ್ಕರ್’ ಎಂದು ಹೆಸರಿಟ್ಟಿದ್ದರು. ಅಷ್ಟು ಕೀಚಲು ಸದ್ದು ಪುಟ್ಟನ ಕಿವಿಗೇ ಕೇಳುವುದಿಲ್ಲ. ಸುತ್ತ ಇದ್ದವರು ಇದ್ದಕ್ಕಿದ್ದಂತೆ ತನ್ನ ಕಡೆ ತಿರುಗಿ ನಗುತ್ತಾರೆ ಎಂಬುದಷ್ಟೇ ಅವನಿಗೆ ಕಾಣುವುದು. ಯಾಕೆ ನಗುತ್ತಾರೆಂದು ಹುಡುಕುತ್ತಾನೆ. ಉಳಿದ ಮಕ್ಕಳಲ್ಲಿ ಇಲ್ಲದ್ದು ತನ್ನಲ್ಲಿ ಇರುವುದು ಒಂದೇ, ಅದನ್ನು ಕಿತ್ತು ಎಸೆಯುತ್ತಾನೆ. ಈ ಲೆಕ್ಕದಲ್ಲಿ ನನಗಂತೂ ತಪ್ಪು ಕಾಣಲಿಲ್ಲ.

ಹೊಸ ಅಚ್ಚು ಬಂದ ಮೇಲೆ ಎಸೆಯುವುದು ಮೂರು ವಾರದಲ್ಲಿ ನಿಂತಿತು. ತುಟಿ ಕಾಣದಂತೆ ಬಾಯಿಗೆ ಮರೆ ಹಿಡಿದು ಆ, ಊ, ಈ, ಮ್, ಶ್, ಸ್ ಎಂದು ಆರು ಸದ್ದು ಮಾಡಿ, ಕೇಳಿದಾಗ ಡಬ್ಬಕ್ಕೆ ಒಂದು ಹುಣಸೆಬೀಜ ಹಾಕುವ ಆಟ ಅಕ್ಕ ಕಲಿತಳು. ಮಾತಿನ ತಗ್ಗು ಸದ್ದಿನಿಂದ ಎತ್ತರದ ಸದ್ದಿನವರೆಗೂ ಈ ಆರರಲ್ಲಿ ಬರುತ್ತದೆ. ದಿನಾ ಬೆಳಿಗ್ಗೆ ಮಷಿನ್ ಸರಿಯಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ. ‘ಸ್’ ಎಂದಾಗ ಬೀಜ ಬೀಳುವುದು ಕಡಿಮೆಯೇ.

25 ಪ್ರಶ್ನೆ

ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಎಸ್‌ಡಿಕ್ಯೂ ಎಂಬ, ಮಕ್ಕಳ ನಡವಳಿಕೆ ಮತ್ತು ಭಾವನೆಗಳನ್ನು ಅಳೆಯುವ 25 ಅಂಶಗಳ ಪ್ರಶ್ನಾವಳಿಯನ್ನು ತಾಯಿಗೂ ಟೀಚರಿಗೂ ಓದಿಹೇಳಿ ತುಂಬಿಸಿದೆ. ಕಷ್ಟಗಳ ಒಟ್ಟು ಅಂಕ 40ಕ್ಕೆ. ತಾಯಿಯ ಲೆಕ್ಕದಲ್ಲಿ 23, ಟೀಚರ ಲೆಕ್ಕದಲ್ಲಿ 20. ಪೋಷಕರದು 17, ಶಿಕ್ಷಕರದು 16 ಮುಟ್ಟಿದರೆ ಗಮನಿಸಲೇಬೇಕಾದ ಮಟ್ಟ.

ಅಂಕ ನೋಡಿ ಹೆದರುವ ಮೊದಲು ಪ್ರಶ್ನೆಗಳನ್ನು ನೋಡಿ. ದೊಡ್ಡವರು ಹೇಳಿದಂತೆ ನಡೆದುಕೊಳ್ಳುತ್ತಾನೆಯೇ ಎಂಬರ್ಥದ್ದು ಒಂದು, ಗಮನ ಬೇಗ ಚದುರುತ್ತದೆಯೇ ಎಂಬರ್ಥದ್ದು ಇನ್ನೊಂದು. ಹೇಳಿದ್ದು ಕೇಳಿಸದ ಮಗು ಎರಡರಲ್ಲೂ ‘ಕೆಟ್ಟ’ ಅಂಕ ತೆಗೆಯುತ್ತದೆ. ಟೀಚರ್ ಜೊತೆ ಕೂತು ಒಂದೊಂದೇ ಉತ್ತರಕ್ಕೆ ಉದಾಹರಣೆ ಕೇಳುತ್ತಾ ಹೋದೆ. “ಬಾಗಿಲು ಹಾಕು ಅಂದ್ರೆ ಹಾಕಲ್ಲ” ಎಂದರು. ಅವನು ಆಗ ಎಲ್ಲಿದ್ದ, ನೀವೆಲ್ಲಿದ್ದಿರಿ ಎಂದೆ. ಟೀಚರ್ ಬೋರ್ಡಿನ ಹತ್ತಿರ, ಅವನು ಬಾಗಿಲಿನ ಹತ್ತಿರ, ಬೆನ್ನು ಈ ಕಡೆ. ಹೇಳುತ್ತಾ ಹೇಳುತ್ತಾ ಅವರೇ ನಿಲ್ಲಿಸಿದರು.

ಆದರೂ ಎಲ್ಲವನ್ನೂ ಕಿವಿಯ ಲೆಕ್ಕಕ್ಕೆ ಬರೆದರೆ ಅದೂ ಸುಳ್ಳಾಗುತ್ತದೆ. ಭಾವನೆಯ ಐದು ಪ್ರಶ್ನೆಗಳಲ್ಲೂ ಗೆಳೆತನದ ಐದು ಪ್ರಶ್ನೆಗಳಲ್ಲೂ ಅಂಕ ಜಾಸ್ತಿಯಿತ್ತು. ಹುಡುಗ ನಿಜವಾಗಿಯೂ ನೋವಿನಲ್ಲಿದ್ದ.

ಟೈಂಪ್ಲೀಸ್

ಮೂರು ದಿನ ಶಾಲೆಯಲ್ಲಿ ಕೂತೆ. ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂರುವ ನಲಿಕಲಿ ಕೋಣೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ಮಕ್ಕಳಿಗೆ ಒಳ್ಳೆಯದೇ. ಗುಂಪು ಗುಂಪಾಗಿ ಕೂತು ಕಾರ್ಡು ಹಿಡಿದು ತಮ್ಮ ಪಾಡಿಗೆ ಕಲಿಯುತ್ತಾರೆ. ಐದು ಗುಂಪು ಏಕಕಾಲಕ್ಕೆ ಬಾಯಿ ಬಿಟ್ಟರೆ ಮಷಿನ್ ಹಾಕಿದ ಮಗುವಿಗೆ ಮಾತ್ರ ಅದು ಸಂತೆ. ಮಷಿನ್ ಸದ್ದನ್ನು ದೊಡ್ಡದು ಮಾಡುತ್ತದೆ, ಬೇಕಾದ್ದು ಬೇಡದ್ದು ಎಲ್ಲವನ್ನೂ. ದೂರ ದುಪ್ಪಟ್ಟಾದರೆ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಯ ಪಕ್ಕದಲ್ಲಿ ಕೂತ ಪುಟ್ಟನಿಗೆ ಟೀಚರ ದನಿ ಈ ಗದ್ದಲದೊಳಗೆ ಮುಳುಗಿಹೋಗುತ್ತಿತ್ತು. ಬೆಳಿಗ್ಗೆ ಹನ್ನೊಂದರವರೆಗೆ ಕಷ್ಟಪಟ್ಟು ತುಟಿ ನೋಡುತ್ತಿದ್ದ. ಬಿಸಿಯೂಟದ ಹೊತ್ತಿಗೆ ಸುಸ್ತು, ಆಮೇಲೆ ಕಿಟಕಿಯ ಕಡೆ ಮುಖ. ಕಚ್ಚಿದ್ದೆಲ್ಲ ಊಟ ಮುಗಿದ ಮೇಲೆ, ಬಯಲಿನಲ್ಲೇ.

ಎರಡನೇ ದಿನ ಕಣ್ಣಾರೆ ಕಂಡೆ. ಮುಟ್ಟಾಟ. ಪುಟ್ಟ ಚೆನ್ನಾಗಿ ಓಡುತ್ತಾನೆ, ಎಲ್ಲರಿಗಿಂತ ಜೋರು. ಒಬ್ಬ ಹುಡುಗನ ಚಪ್ಪಲಿ ಕಿತ್ತಿತು, ಅವನು ‘ಟೈಂಪ್ಲೀಸ್’ ಎಂದು ಕೂಗಿ ನಿಂತ. ಎಲ್ಲರೂ ನಿಂತರು. ಪುಟ್ಟ ಬೆನ್ನು ಹಾಕಿ ಓಡುತ್ತಿದ್ದವನು ತಿರುಗಿ ನೋಡಿದ, ಹುಡುಗ ಅಲುಗದೆ ನಿಂತಿದ್ದಾನೆ. ಸಿಕ್ಕಿದ ಎಂದು ಹಿಗ್ಗಿ ಹೋಗಿ ಮುಟ್ಟಿದ. ಎಲ್ಲರೂ ಒಟ್ಟಿಗೆ ‘ಮೋಸ, ಮೋಸ’ ಎಂದು ಕೂಗಿದರು. ಗೆದ್ದವನನ್ನು ಯಾರೋ ತಳ್ಳಿದರು. ತಳ್ಳಿದ ಕೈಗೆ ಅವನು ಬಾಯಿ ಹಾಕಿದ.

ಹೆಡ್ ಮೇಷ್ಟ್ರು ಹೊರಗೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಕಚ್ಚಿದ ಗುರುತು ಒಂದೇ.

ತಾತ

ಓಡಿಹೋಗುವುದರ ತಲೆಬುಡ ಮಾತ್ರ ನನಗೆ ಸಿಗಲಿಲ್ಲ. ಎರಡು ತಿಂಗಳಾದ ಮೇಲೆ, ತಾಯಿಯ ಜೊತೆ ಕೂತು ಒಂದು ಉದ್ದ ಹಾಳೆಯಲ್ಲಿ ಆ ವರ್ಷವನ್ನು ಬರೆದೆವು: ಶಾಲೆ ಶುರುವಾದದ್ದು, ಗೌರಿ ಹಬ್ಬ, ದಸರಾ ರಜೆ, ಆಲೆಮನೆ ಹಚ್ಚಿದ್ದು. ಯಾವುದು ಯಾವಾಗ ಎಂದು ದೂರುಗಳನ್ನು ಅದರ ಕೆಳಗೆ ಇಳಿಸಿದೆವು. ಎಲ್ಲವೂ ದಸರಾ ಆದಮೇಲಿನವೇ. ದಸರಾದಲ್ಲಿ ಏನಾಯಿತು? “ನಮ್ ತಾತ ಹೋಗ್‌ಬುಟ್ರು” ಎಂದರು.

ಮೊದಲ ದಿನ ಕೇಳಬೇಕಿದ್ದ ಪ್ರಶ್ನೆ ಇದು. ಕಿವಿ, ಮಷಿನ್, ತರಗತಿ ಎಂದು ನಾನೂ ಕಿವಿಯ ಹಿಂದೆಯೇ ಬಿದ್ದಿದ್ದೆ.

ಪುಟ್ಟ ಬೆಳೆದದ್ದು ತಾತನ ಹೆಗಲ ಮೇಲೆ. ತಾತ ಹೆಚ್ಚು ಮಾತಾಡುತ್ತಿರಲಿಲ್ಲ, ಎಲ್ಲ ಕೈಸನ್ನೆಯಲ್ಲೇ. ಮನೆಯಲ್ಲಿ ಅವನಿಗೆ ಪೂರ್ತಿ ಅರ್ಥವಾಗುತ್ತಿದ್ದ ಮನುಷ್ಯ ಅದೊಬ್ಬರೇ ಇರಬೇಕು. ಎದೆನೋವೆಂದು ರಾತ್ರಿ ಮಂಡ್ಯದ ಆಸ್ಪತ್ರೆಗೆ ಒಯ್ದರು, ಮೂರನೇ ದಿನ ಹೆಣ ಬಂತು. ಮಗು ಹೆದರೀತು ಎಂದು ಪುಟ್ಟನನ್ನು ಬೇರೆ ಊರಿನ ನೆಂಟರ ಮನೆಗೆ ಕಳಿಸಿದ್ದರು. ತಿಥಿ ಮುಗಿದ ಮೇಲೆ ಕರೆತಂದರು. ತಾತನ ಮಂಚ ಗೋಡೆಗೆ ಒರಗಿ ನಿಂತಿತ್ತು, ಕೋಲು ಇರಲಿಲ್ಲ. ಅವನು ಮಂಚ ತೋರಿಸಿ ‘ತಾತ?’ ಎಂದ. ಅಜ್ಜಿ ಮೇಲಕ್ಕೆ ಕೈ ಮುಗಿದು, “ದೇವ್ರ ತಾವ ಹೋಗವ್ರೆ” ಎಂದರು.

ಮುಂದಿನದನ್ನು ಹೇಳಿದ್ದು ಅಕ್ಕ. ಕಾಲಲ್ಲಿ ನೆಲ ಕೆರೆಯುತ್ತಾ ಹೇಳಿದಳು. “ಅವ್ನು ಸ್ಕೂಲಿಂದ ಓಡೋಗದು ಗುಡಿಗೆ ಮೇಡಂ. ಹನುಮಂತರಾಯನ ಗುಡಿಗೆ. ತಾತ ಶನಿವಾರ ದೇವ್ರ ತಾವ ಕರ್ಕೊಂಡ್ ಹೋಗ್ತಿತ್ತಲ್ಲ.”

ಗರ್ಭಗುಡಿಯ ಬಾಗಿಲು ಹಾಕಿದ್ದರೆ ಬಡಿಯುತ್ತಿದ್ದನಂತೆ. ಒಮ್ಮೆ ಪೂಜಾರಪ್ಪನ ಕೈಯನ್ನೂ ಕಚ್ಚಿದ್ದ. ಓಡಿಹೋಗಿದ್ದಕ್ಕೆ ಮನೆಯಲ್ಲಿ ಎರಡು ಸಲ ಹೊಡೆತ ಬಿದ್ದಿತ್ತು. ಎಲ್ಲಿಗೆ ಹೋಗ್ತೀಯ, ಯಾಕೆ ಹೋಗ್ತೀಯ ಎಂದು ಯಾರಾದರೂ ಕೇಳಿದಿರಾ ಎಂದೆ. ತಾಯಿ ಮಗಳ ಮುಖ ನೋಡಿದರು, ಮಗಳು ನೆಲ ನೋಡಿದಳು.

ಕಿವಿ ಕೇಳುವ ಮಕ್ಕಳಿಗೂ ಸಾವನ್ನು ಯಾರೂ ಕೂರಿಸಿಕೊಂಡು ವಿವರಿಸುವುದಿಲ್ಲ. ಅವರು ಬಾಗಿಲ ಮರೆಯಲ್ಲಿ ನಿಂತು, ದೊಡ್ಡವರ ಗುಸುಗುಸುವಿನಿಂದ, ಅಜ್ಜಿಯ ಹಾಡಿಕೊಂಡ ಅಳುವಿನಿಂದ ಚೂರುಚೂರಾಗಿ ಹೆಕ್ಕಿಕೊಳ್ಳುತ್ತಾರೆ. ಯಾರಿಗೆ ಸಿಟ್ಟು ಯಾಕೆ ಬಂತು, ಅವರ ಮನಸ್ಸಿನಲ್ಲೇನಿದೆ ಎಂಬುದನ್ನೂ ಹೀಗೆ ಕದ್ದು ಕೇಳಿಯೇ ಕಲಿಯುವುದು. ಆಸ್ಟ್ರೇಲಿಯಾದಲ್ಲಿ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೆಲ್ ಸೀಗಲ್ 1995ರಲ್ಲಿ ಇದನ್ನೇ ತೋರಿಸಿದರು: ಕೇಳುವ ತಂದೆತಾಯಿಗೆ ಹುಟ್ಟಿದ ಕಿವುಡ ಮಕ್ಕಳು ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ಊಹಿಸುವುದರಲ್ಲಿ ಹಿಂದೆ ಬೀಳುತ್ತಾರೆ. ಹುಟ್ಟಿನಿಂದ ಮನೆಯಲ್ಲಿ ಸನ್ನೆಭಾಷೆ ಇರುವ ಕಿವುಡ ಮಕ್ಕಳಲ್ಲಿ ಈ ಹಿನ್ನಡೆ ಕಾಣುವುದಿಲ್ಲ ಎಂದು ಮುಂದಿನ ಸಂಶೋಧನೆಗಳು ಹೇಳಿದವು. ಕೊರತೆ ಕಿವಿಯದ್ದಾದರೂ ಮಗುವಿಗೆ ತಪ್ಪಿಹೋಗುವುದು ಮಾತುಕತೆ.

ಮಾಡಿದ್ದು

ಮನೆಯಲ್ಲಿ ಇಪ್ಪತ್ತು ನಿಮಿಷ ತಾಯಿ ಮಗನ ಮಾತನ್ನು ಮೊಬೈಲಿನಲ್ಲಿ ಹಿಡಿದೆವು. ಬಾ, ತಿನ್ನು, ಬೇಡ, ಕೊಡು, ಹೊಡೀತೀನಿ. ಎಲ್ಲವೂ ಅಪ್ಪಣೆ. ತಾಯಿಯೇ ಅದನ್ನು ನೋಡಿ, “ದನ ಕರ್ದಂಗೆ ಕರೀತಿದೀನಲ್ಲ ಮೇಡಂ” ಎಂದರು. ನಾನು ಆಡಬೇಕೆಂದಿದ್ದ ಮಾತು ಅಲ್ಲಿಗೇ ಮುಗಿಯಿತು.

ತಾತನ ವಿಷಯಕ್ಕೆ ಅಜ್ಜಿಯನ್ನು ಒಪ್ಪಿಸುವುದು ಕಷ್ಟವಾಯಿತು. ಯಾರದೋ ಮೊಬೈಲಿನಲ್ಲಿ ಅಂತ್ಯಕ್ರಿಯೆಯ ಫೋಟೋಗಳಿದ್ದವು. ಮಗುವಿಗೆ ಹೆಣ ತೋರಿಸುವುದೇ ಎಂದು ಅವರು ಸಿಡುಕಿದರು. ಎರಡು ವಾರ ಬಿಟ್ಟು ಅವರೇ ಹೂಂ ಅಂದರು. ತಾತ ಗಾಡಿ ಹೊಡೆಯುವುದು, ಕೆಮ್ಮುತ್ತಾ ಕೂತದ್ದು, ಆಸ್ಪತ್ರೆ, ಹಾರ ಹಾಕಿದ ದೇಹ, ಹೊಲದ ಮಣ್ಣು. ಐದು ಚಿತ್ರ ಸಾಲಾಗಿ ಜೋಡಿಸಿದೆವು. ಪುಟ್ಟ ನಾಲ್ಕನೆಯದರ ಮೇಲೆ ಬೆರಳಿಟ್ಟು ಕೆನ್ನೆಗೆ ಅಂಗೈ ಒರಗಿಸಿ ತೋರಿಸಿದ: ನಿದ್ದೆಯಾ? ತಾಯಿ ತಲೆಯಾಡಿಸಿ, ಅವನ ಎದುರು ಕುಕ್ಕರಗಾಲಲ್ಲಿ ಕೂತು, ನಿಧಾನವಾಗಿ ಹೇಳಿದರು. “ಇಲ್ಲ ಮಗ. ತಾತ ಸತ್ತೋಯ್ತು. ಎದ್ದೊಳಲ್ಲ. ಗುಡೀಲಿಲ್ಲ.” ಆಮೇಲೆ ಎಲ್ಲರೂ ಹೊಲಕ್ಕೆ ಹೋದರು. ಅವನು ಮಣ್ಣು ಕೆದಕಲು ಹೋದ. ಅಪ್ಪ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತರು, ತಾವೂ ಅತ್ತರು. ಅಪ್ಪ ಅಳುವುದನ್ನು ಅವನು ನೋಡಿದ್ದು ಅದೇ ಮೊದಲು. ತಾತನಿಗಾಗಿ ಅಳುವವನು ತಾನೊಬ್ಬನೇ ಅಲ್ಲ ಎಂಬುದೂ ಅವತ್ತೇ ಗೊತ್ತಾಗಿರಬೇಕು. ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಮತ್ತೆರಡು ಸಲ ಗುಡಿಗೆ ಓಡಿದ, ಆಮೇಲೆ ಇಲ್ಲ.

ಸನ್ನೆಯ ವಿಷಯದಲ್ಲಿ ನನ್ನದೇ ಒಂದು ಮಾತು. ನಾನು ಕಲಿಯುವಾಗ ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಹೇಳಿಕೊಟ್ಟಿದ್ದರು, ನಾನೂ ಎಷ್ಟೋ ತಾಯಂದಿರ ಕೈ ಕಟ್ಟಿಹಾಕಿದ್ದೇನೆ. ಈಗ ಹಾಗೆ ಹೇಳುವುದಿಲ್ಲ. ಭಾರತೀಯ ಸನ್ನೆಭಾಷೆಗೆ 2015ರಿಂದ ದೆಹಲಿಯಲ್ಲಿ ಪ್ರತ್ಯೇಕ ಸಂಶೋಧನಾ ಕೇಂದ್ರವೇ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶಾಲೆಯಲ್ಲಿ ಅದಕ್ಕೆ ಜಾಗ ಕೊಟ್ಟಿದೆ. ತಾತನ ಸನ್ನೆಗಳಿಂದಲೇ ಶುರುಮಾಡಿದೆವು. ಸಿಟ್ಟು, ಬೇಜಾರು, ಹೆದರಿಕೆ, ನಾಚಿಕೆ, ನೆನಪಾಗ್ತಿದೆ. ಮಾತೂ ಕೈಯೂ ಒಟ್ಟಿಗೆ. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ವಾರಕ್ಕೊಮ್ಮೆ ಬಂದು ಮುಂದುವರಿಸಿದರು.

ಶಾಲೆಯಲ್ಲಿ ಜಾಗ ಬದಲಾಯಿತು, ಟೀಚರ್ ಅವನ ಭುಜ ಮುಟ್ಟಿ ಮಾತಾಡತೊಡಗಿದರು, ಮಷಿನ್ ಸೀಟಿ ಯಾಕೆ ಹೊಡೆಯುತ್ತದೆ ಎಂದು ಎಲ್ಲ ಮಕ್ಕಳಿಗೂ ಬಿಚ್ಚಿ ತೋರಿಸಿದೆವು. ಟೈಂಪ್ಲೀಸಿಗೆ ಉಪಾಯ ಕಂಡುಹಿಡಿದದ್ದು ಮೂರನೇ ತರಗತಿಯ ಒಬ್ಬ ಹುಡುಗಿ: ಹೆಬ್ಬೆರಳನ್ನು ತುಟಿಗೆ ಮುಟ್ಟಿಸಿ ಕೈ ಮೇಲೆತ್ತಬೇಕು, ಕೂಗಿದರೆ ನಡೆಯಲ್ಲ. ಎಲ್ಲರೂ ಪುಟ್ಟ ತಿರುಗಿ ನೋಡುವವರೆಗೂ ಕೈ ಎತ್ತಿಕೊಂಡೇ ನಿಲ್ಲಬೇಕು. ಒಂದೆರಡು ವಾರ ಜಗಳವಾಯಿತು, ಆಮೇಲೆ ಅದೇ ಕಾನೂನಾಯಿತು.

ಒಂಬತ್ತು ತಿಂಗಳ ಮೇಲೆ

ಅದೇ ಪ್ರಶ್ನಾವಳಿಯಲ್ಲಿ ತಾಯಿಯದು 14, ಟೀಚರದು 15. ಎರಡೂ ಆ ಮಟ್ಟಕ್ಕಿಂತ ಕೆಳಗೆ, ಆದರೆ ಗಡಿಗೆ ಹತ್ತಿರದ ಅಂಕ, ಗೆದ್ದೆವು ಎನ್ನುವಂಥದ್ದಲ್ಲ. ಕಚ್ಚುವುದು ಆ ಅವಧಿಯ ಕೊನೆಯ ಮೂರು ತಿಂಗಳಲ್ಲಿ ಒಮ್ಮೆ. ಹಾಸಿಗೆ ಒದ್ದೆಯಾಗುವುದು ತಿಂಗಳಿಗೊಮ್ಮೆ ಇದ್ದೇ ಇದೆ. ಓದು ಹಿಂದಿದೆ, ಹೊಸ ಅಚ್ಚೂ ಆಗಲೇ ಸಡಿಲವಾಗುತ್ತಿತ್ತು, ಮತ್ತೆ ಮೈಸೂರಿನ ಬಸ್ಸು. ಕಿವುಡ ಮಕ್ಕಳ ಶಾಲೆಯ ಪ್ರಶ್ನೆಯನ್ನು ನಾವು ಮುಚ್ಚಿಲ್ಲ. ಸನ್ನೆಯಲ್ಲಿ ಹರಟೆ ಹೊಡೆಯುವ ಗೆಳೆಯರು ಅವನಿಗೆ ಅಲ್ಲಿ ಸಿಗಬಹುದು, ಆದರೆ ಹಾಸ್ಟೆಲಿನಲ್ಲಿ ಮನೆಯವರು ಸಿಗುವುದಿಲ್ಲ. ರಜೆಯಲ್ಲಿ ಒಮ್ಮೆ ಕರೆದೊಯ್ದು ತೋರಿಸಿ, ಅವನನ್ನೇ ಕೇಳುವುದೆಂದು ತಂದೆ ಹೇಳಿದ್ದಾರೆ.

ಕೊನೆಯ ಸಲ ಹೋದಾಗ ಸಂಜೆಯಾಗಿತ್ತು. ಪುಟ್ಟ ಕೊಟ್ಟಿಗೆಯ ಕೊಳದಪ್ಪಲೆಗೆ ಕಾಲಿಟ್ಟು ಹಾಲು ಚೆಲ್ಲಿದ್ದ, ತಾಯಿ ಒಂದೇ ಸಮನೆ ಬೈಯುತ್ತಿದ್ದರು. ಬೈಗುಳ ಮಧ್ಯಕ್ಕೆ ಬಂದಾಗ ಅವನು ಹೆಬ್ಬೆರಳನ್ನು ತುಟಿಗೆ ಮುಟ್ಟಿಸಿ ಕೈ ಮೇಲೆತ್ತಿ ನಿಂತುಬಿಟ್ಟ. ತಾಯಿಗೆ ಏನೂ ತಿಳಿಯಲಿಲ್ಲ, ನನ್ನ ಕಡೆ ನೋಡಿದರು. ಅಕ್ಕ ಹಜಾರದಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು.